ಕೌದಿಯ ಬೆನ್ನಿಗೆ ಬಿದ್ದ ಬಿಸಿಲು

"ಆಗೂದಿಲ್ಲ ಬಾಯಾರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ತಾಲೂಕು ಜಾಡಿಸಿ ನೋಡಿದ್ರೂ ಗ್ವಾಡಿಗೆ ಹಾಕೂವಂಥಾ ಒಂದು ಫೋಟೋ ಸಿಗೂದಿಲ್ಲ. ಕೆಳಗ ಕರಿ ಮಣ್ಣು, ಮ್ಯಾಲ ಬಿಳಿ ಬಿಸಲು. ನಡುವ ಏನೈತಿ?"

ಹೀಗೆ ಹೇಳಿದವರು ನಮ್ಮ ವಿಭಾಗದ ಮೇಲ್ವಿಚಾರಕರಾಗಿದ್ದ ಬಿರಾದಾರ ಸರ್. ಹೇಳಿದ್ದು ನನಗೆ. ಎರಡು ವರ್ಷದ ಹಿಂದಿನ ಚಳಿಗಾಲ ಅದು. ನಾನಾಗ ವಿಜಯಪುರದಲ್ಲಿ ಜಿಲ್ಲಾ ಮಟ್ಟದ ಒಂದು ಕಚೇರಿಯ ದಾಖಲಾತಿ ವಿಭಾಗದಲ್ಲಿ ಗುತ್ತಿಗೆಯ ಮೇಲೆ ಛಾಯಾಗ್ರಾಹಕಿ. ಕೆಲಸಕ್ಕೆ ಸೇರಿ ಒಂಬತ್ತನೆಯ ವರ್ಷ ನಡೆದಿತ್ತು. ಈ ಒಂಬತ್ತು ವರ್ಷದಲ್ಲಿ ನಾನು ತೆಗೆದದ್ದೆಲ್ಲ ಅಡಿಗಲ್ಲು ಇಡುವುದು, ಟೇಪು ಕತ್ತರಿಸುವುದು, ಹಾರ ಹಾಕುವುದು, ಚರಂಡಿ ಕಾಮಗಾರಿಗೆ ಮೊದಲು ಒಂದು ಚಿತ್ರ, ಮುಗಿದ ಮೇಲೆ ಅದೇ ಜಾಗದಲ್ಲಿ ನಿಂತು ಇನ್ನೊಂದು ಚಿತ್ರ. ಒಳ್ಳೆಯ ಕೆಲಸವೇ. ಆದರೆ ಅದನ್ನು ನೋಡಿ ಯಾರೂ "ಇದನ್ನ ಯಾರ ತಗದಾರ?" ಎಂದು ಕೇಳುವುದಿಲ್ಲ.

ಆ ವರ್ಷ ಕಚೇರಿಯವರು ಹಳೆಯ ಸಭಾಂಗಣವೊಂದಕ್ಕೆ ಸುಣ್ಣ ಬಳಿಸಿ, ಜಿಲ್ಲೆಯ ಚಿತ್ರಪ್ರದರ್ಶನ ಮಾಡಬೇಕೆಂದು ನಿರ್ಧರಿಸಿದ್ದರು. ಸಭಾಂಗಣಕ್ಕೆ ನಾಲ್ಕು ಗೋಡೆ. ಮೂರು ಗೋಡೆಗೆ ನಗರದ ಗುಮ್ಮಟ, ಕೋಟೆ, ಕಮಾನುಗಳ ಚಿತ್ರ ಆಗಲೇ ತಯಾರಿದ್ದವು. ನಾಲ್ಕನೆಯ ಗೋಡೆಯನ್ನು ಮೇಲೆ ಹೇಳಿದ ನಾಲ್ಕು ತಾಲೂಕಿಗೆ ಬಿಟ್ಟಿದ್ದರು. ಆ ಗೋಡೆಗೆ ಸುತ್ತಲೂ ಹತ್ತು ಸಣ್ಣ ಚಿತ್ರ, ನಟ್ಟನಡುವೆ ಆರು ಅಡಿ ಅಗಲದ ಒಂದು ದೊಡ್ಡ ಚಿತ್ರ. ಆರು ಅಡಿಗೆ ಹಿಗ್ಗಿಸಿದ ಮೇಲೂ ನೋಡುವವರನ್ನು ನಿಲ್ಲಿಸುವಂಥದ್ದು ಬೇಕು. ಶನಿವಾರ ಸಂಜೆ ಐದು ಗಂಟೆಯೊಳಗೆ ನಡುವಿನ ಚಿತ್ರ ಪ್ರಿಂಟಿಗೆ ಹೋಗದಿದ್ದರೆ ಆ ಗೋಡೆಗೂ ಗುಮ್ಮಟವನ್ನೇ ಹಾಕುವುದೆಂದು ಬಿರಾದಾರ ಸರ್ ಟಿಪ್ಪಣಿ ಬರೆದಿಟ್ಟಿದ್ದರು.

ಒಂದು ಗೋಡೆಗೆ ಇಷ್ಟು ಯಾಕೆ ಹಟ ಎಂದು ಕೇಳಬಹುದು. ಹೇಳುತ್ತೇನೆ. ನಾನು ಸಿಂದಗಿ ತಾಲೂಕಿನವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೆಣ್ಣುಮಕ್ಕಳಲ್ಲಿ ಮೊದಲು ಅಂತಲ್ಲ, ಎಲ್ಲರಲ್ಲಿ. ಅಪ್ಪ ಗೌಂಡಿಗಳ ಕೈಕೆಳಗೆ ಕಲ್ಲು ಮಣ್ಣು ಹೊತ್ತ. ಅವ್ವ ಮಂದಿಯ ಹೊಲದಲ್ಲಿ ಕಸ ತೆಗೆದಳು. ನಮ್ಮ ಮನೆಯ ಗೋಡೆಗೆ ಇದ್ದದ್ದು ಒಂದೇ ಚಿತ್ರ, ಬುದ್ಧನದು. ನಮ್ಮ ಪೈಕಿ ಯಾರದೂ ಇರಲಿಲ್ಲ. ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ಅವ್ವ ತೀರಿಕೊಂಡಳು. ಹಾರ ಹಾಕಲು ಫೋಟೋ ಹುಡುಕಿದರೆ ಸಿಕ್ಕಿದ್ದು ರೇಶನ್ ಕಾರ್ಡಿನ ಮೇಲಿನದು, ಉಗುರಿನಷ್ಟು. ದೊಡ್ಡದು ಮಾಡಿಸಿದರೆ ಮುಖ ಹೋಗಿ ಬರೀ ಚುಕ್ಕೆ ಉಳಿದವು. ಡಿಗ್ರಿ ಮುಗಿಸಿ ನಾನು ಫೋಟೋಗ್ರಫಿ ಡಿಪ್ಲೊಮಾಕ್ಕೆ ಸೇರಿದ್ದು ಆ ಚುಕ್ಕೆಗಳ ಸಿಟ್ಟಿಗೆ. ಹಗಲು ತರಗತಿ, ಸಂಜೆ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಅಂಟಿಸುವ ಕೆಲಸ. ಹೀಗೆ ಕಲಿತು ಬಂದವಳಿಗೆ, ನಿನ್ನ ಊರ ಕಡೆ ನೋಡುವಂಥದ್ದು ಏನೂ ಇಲ್ಲ ಎಂದರೆ ಹೇಗಾಗಬೇಡ?

ಬಿರಾದಾರ ಸರ್ ಕೆಟ್ಟವರಲ್ಲ. ಅವರೂ ಇಂಡಿ ಕಡೆಯ ಒಕ್ಕಲುತನದ ಮನೆಯವರೇ. ತಮ್ಮ ಊರನ್ನು ತಾವೇ ಹಗುರ ಮಾಡಿ ಮಾತಾಡುವ ಚಟ ನಮ್ಮ ಕಡೆ ಎಲ್ಲರಿಗೂ ಇದೆ, ಹೊರಗಿನವರು ಮಾಡಿದರೆ ಮಾತ್ರ ಜಗಳಕ್ಕೆ ಹೋಗುತ್ತೇವೆ.

ಬುಧವಾರ ಇಂಡಿಗೆ ಹೋದೆ. ನಿಂಬೆ ತೋಟ, ಸಾಲೋಟಗಿಯ ಹಳೆಯ ಶಾಸನದ ಕಲ್ಲು. ಗುರುವಾರ ಮುದ್ದೇಬಿಹಾಳದ ತಂಗಡಗಿ, ಕೃಷ್ಣೆಯ ದಂಡೆ. ಶುಕ್ರವಾರ ಮಧ್ಯಾಹ್ನದ ತನಕ ಸಿಂದಗಿ. ಮೂರು ದಿನದಲ್ಲಿ ಆರುನೂರಕ್ಕೂ ಹೆಚ್ಚು ಚಿತ್ರ ತೆಗೆದೆ. ಒಂದರಲ್ಲೂ ಜೀವ ಇರಲಿಲ್ಲ. ಕಾರಣ ನನಗೆ ಗೊತ್ತಿತ್ತು. ಅದು ತೊಗರಿ ರಾಶಿಯ ಕಾಲ. ಹೊಲಹೊಲದಲ್ಲಿ ಮೆಷಿನ್ನು ಗುಡುಗುಟ್ಟುತ್ತಾ ಹೊಟ್ಟು ತೂರುತ್ತಿತ್ತು. ಗಾಳಿಯಲ್ಲಿ ಹೀಗೆ ಧೂಳು ಕೂತರೆ ಬಿಸಿಲು ಜರಡಿಯಿಂದ ಉದುರಿದ ಹಿಟ್ಟಿನಂತೆ ಎಲ್ಲ ಕಡೆ ಸಮನಾಗಿ ಬೀಳುತ್ತದೆ. ನೆರಳು ಗಟ್ಟಿಯಾಗುವುದಿಲ್ಲ. ನೆರಳಿಲ್ಲದಿದ್ದರೆ ಉಬ್ಬು ತಗ್ಗು ಕಾಣುವುದಿಲ್ಲ. ಇದನ್ನು ನಮ್ಮ ವೃತ್ತಿಯಲ್ಲಿ ಫ್ಲಾಟ್ ಲೈಟ್ ಎನ್ನುತ್ತಾರೆ, ಚಪ್ಪಟೆ ಬೆಳಕು. ಶಾಸನದ ಅಕ್ಷರ ಕೂಡ ಕಲ್ಲಿನೊಳಗೆ ಮುಚ್ಚಿಕೊಂಡು ಮಲಗಿದ್ದವು.

ಶುಕ್ರವಾರ ಮಧ್ಯಾಹ್ನ ಕಚೇರಿಗೆ ಬಂದು ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಬಿರಾದಾರ ಸರ್ ಚಹಾ ಕುಡಿಯುತ್ತಾ ನೋಡಿದರು.

"ಸಣ್ಣ ಹತ್ತಕ್ಕ ಆದೂವು. ನಿಂಬಿಹಣ್ಣು ಚಲೋ ಬಂದಾವ, ಉಪ್ಪಿನಕಾಯಿ ಬಾಟ್ಲಿಗೆ ಹಚ್ಚೂವಂಗ. ನಡುವಿಂದು?"

"ನಾಳಿ ತರ್ತೇನ್ರಿ ಸರ್."

"ನಾಳಿ ಏನು ಬ್ಯಾರೆ ಸೂರ್ಯಾ ಹುಟ್ಟತಾನ?"

ಅವರು ತಮಾಷೆಗೆ ಅಂದದ್ದು. ಆದರೆ ಅಂದಹಾಗೇ ಆಯಿತು.

ಅಂದು ಸಂಜೆ ನಾನು ಸ್ಕೂಟಿ ಹತ್ತಿ ಬಸವನ ಬಾಗೇವಾಡಿಗೆ ಹೋಗಿ ಗೆಳತಿಯ ಮನೆಯಲ್ಲಿ ಉಳಿದೆ. ನಾಲ್ಕರಲ್ಲಿ ನಾನಿನ್ನೂ ಮುಟ್ಟದ ತಾಲೂಕು ಅದೊಂದೇ. ದಾರಿಯಲ್ಲೇ ಬಡಗಣ ಗಾಳಿ ಎದ್ದಿತ್ತು. ವಾರದಿಂದ ಥಂಡಿ ಇತ್ತು, ಆದರೆ ಆ ಗಾಳಿಯ ಥಂಡಿ ಬೇರೆ. ಬೆಳಿಗ್ಗೆ ಎದ್ದು ನೋಡಿದರೆ ಮೊಬೈಲು ಎಂಟು ಡಿಗ್ರಿ ತೋರಿಸುತ್ತಿತ್ತು. ಬೇಸಿಗೆಯಲ್ಲಿ ನಲವತ್ತೆರಡಕ್ಕೆ ಹೆದರದ ಮಂದಿ ನಾವು, ಎಂಟಕ್ಕೆ ನಡುಗಿಬಿಟ್ಟೆವು. ಕೈಗವಸು ಇರಲಿಲ್ಲ. ಗೆಳತಿಯ ಗಂಡನ ಕಾಲುಚೀಲ ಕೈಗೆ ಹಾಕಿಕೊಂಡು ಆರೂವರೆಗೆ ಹೂವಿನ ಹಿಪ್ಪರಗಿಯ ದಾರಿ ಹಿಡಿದೆ. ಆ ಊರಲ್ಲಿ ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ ಭೀಮವ್ವ ಇದ್ದಾಳೆ. ಆದರೆ ನಾನು ಹೊರಟಿದ್ದು ಅವಳನ್ನು ನೋಡಲಿಕ್ಕಲ್ಲ. ಊರಾಚೆಯ ಬಿಳಿಜೋಳದ ಹೊಲದಲ್ಲಿ ಸೂರ್ಯ ಹುಟ್ಟುವುದನ್ನು ಹಿಡಿಯಬೇಕೆಂದು.

ಆ ಬೆಳಗನ್ನು ಹೇಗೆ ಹೇಳಲಿ? ರಾತ್ರಿಯಿಡೀ ಬೀಸಿದ ಗಾಳಿ ಆಕಾಶದ ಧೂಳನ್ನೆಲ್ಲ ಬಳಿದು ಒಯ್ದಿತ್ತು. ಥಂಡಿಗೆ ಒಂದೂ ಮೆಷಿನ್ನು ಶುರುವಾಗಿರಲಿಲ್ಲ. ನಾಲ್ಕು ಹೊಲದಾಚೆಯ ಬೇವಿನ ಮರದ ಟೊಂಗೆಗಳನ್ನು ಎಣಿಸಬಹುದಿತ್ತು. ಒಲೆಯ ಹೊಗೆ ದಾರ ಜಗ್ಗಿದಂತೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಎಮ್ಮೆಗಳ ಬೆನ್ನಿನಿಂದ ಹಬೆ ಏಳುತ್ತಿತ್ತು. ಸೂರ್ಯ ಮೇಲೆ ಬಂದದ್ದೇ ತಡ, ಪ್ರತಿಯೊಂದು ವಸ್ತುವೂ ತನ್ನ ನೆರಳನ್ನು ಚಾಕುವಿನಲ್ಲಿ ಕೊಯ್ದು ನೆಲಕ್ಕೆ ಎಸೆದಂತೆ ಕಂಡಿತು. ಬಿಸಿಲಿನಲ್ಲಿ ನಿಂತರೆ ಬೆನ್ನ ಮೇಲೆ ಯಾರೋ ಅಂಗೈ ಇಟ್ಟಂತೆ. ಒಂದು ಹೆಜ್ಜೆ ನೆರಳಿಗೆ ಸರಿದರೆ ಬಾವಿಗಿಳಿದಂತೆ. ಮೂರು ದಿನ ನಾನು ಹುಡುಕಿದ ಬೆಳಕು ಇದೇ.

ಬೆಳಕೇನೋ ಬಂತು, ಬೆರಳು ಹೋದವು. ಹೊಲದ ಬದುವಿನಲ್ಲಿ ನಿಂತು ಶಟರ್ ಒತ್ತಿದರೆ ಒತ್ತಿದ್ದೇ ತಿಳಿಯುತ್ತಿರಲಿಲ್ಲ. ಇಪ್ಪತ್ತು ಚಿತ್ರ ತೆಗೆದು ಪರದೆಯಲ್ಲಿ ನೋಡಿದೆ. ಇಬ್ಬನಿ, ತೆನೆ, ಕೆಂಪು ಸೂರ್ಯ. ಚೆಂದವೇ. ಆದರೆ ಯಾವ ಊರಲ್ಲಿ ಬೇಕಾದರೂ ತೆಗೆಯಬಹುದಾದ ಚೆಂದ. ಕೈ ಕಾಸಿಕೊಂಡು ಮತ್ತೆ ಬಂದರಾಯಿತೆಂದು ದೊಡ್ಡವ್ವನ ಓಣಿಗೆ ಸ್ಕೂಟಿ ತಿರುಗಿಸಿದೆ. ಆಗ ಏಳೂಮುಕ್ಕಾಲು.

ಓಣಿಗೆ ಬಂದವಳು ಬ್ರೇಕು ಹಾಕಿ ನಿಂತುಬಿಟ್ಟೆ. ಓಣಿಯ ಉದ್ದಕ್ಕೂ ಒಂದು ಗೋಡೆ ಇದೆ, ಹಳೆಯ ವಾಡೆಯೊಂದರದು, ಹಿಂದಿನವರ ದೊಡ್ಡ ಮನೆಯದು. ಆ ಗೋಡೆಯ ತುಂಬ ಕೌದಿಗಳು. ಹಳೆಯ ಸೀರೆ, ಧೋತರ, ಅಂಗಿಗಳ ತುಂಡು ಕೂಡಿಸಿ ಹೆಣ್ಣುಮಕ್ಕಳು ಕೈಯಿಂದ ಹೊಲಿಯುವ ಹೊದಿಕೆ ಕೌದಿ. ವಾರದ ಥಂಡಿಗೆ ಪೆಟ್ಟಿಗೆಯ ತಳದಲ್ಲಿದ್ದ ಅಜ್ಜಿ ಮುತ್ತಜ್ಜಿಯ ಕಾಲದವೂ ಹೊರಬಿದ್ದಿದ್ದವು. ಬೆಳಿಗ್ಗೆ ಅವನ್ನು ಬಿಸಿಲಿಗೆ ಹಾಕಿದ್ದರು. ಮೂವತ್ತರ ಮೇಲೆಯೇ ಇದ್ದವು. ಸಿಕ್ಕಿತು ನಡುವಿನ ಚಿತ್ರ ಎಂದುಕೊಂಡೆ.

ಒಂದೇ ತೊಂದರೆ. ಕೌದಿಗೆ ಎರಡು ಮಗ್ಗುಲು. ಬಣ್ಣಬಣ್ಣದ ತೇಪೆ ಇರುವುದು ಮಾರಿ, ಅಂದರೆ ಮುಖ. ಹಿಂದಿನದು ಬೆನ್ನು, ಅಲ್ಲಿ ಒಂದೇ ಹಳೆಯ ಸೀರೆ, ಒಂದೇ ಬಣ್ಣ. ಬಿಸಿಲಿಗೆ ಮುಖದ ಬಣ್ಣ ಹಾರಬಾರದೆಂದು ನಮ್ಮ ಕಡೆ ಕೌದಿಯನ್ನು ಮಾರಿ ಒಳಗೆ, ಬೆನ್ನು ಹೊರಗೆ ಮಾಡಿ ಹಾಕುತ್ತಾರೆ. ಗೋಡೆಯ ತುಂಬ ಬರೀ ಬೆನ್ನು.

ಗೋಡೆಗೆ ಆನಿಕೊಂಡು ಬಿಸಿಲು ಕಾಸುತ್ತಿದ್ದ ಹೆಣ್ಣುಮಕ್ಕಳಿಗೆ ಹೇಳಿದೆ. "ಅಕ್ಕಾರ, ಒಂದ್ಸಲ ಎಲ್ಲಾ ತಿರುವಿ ಹಾಕ್ತೀರೇನು? ಮಾರಿ ಹೊರಗ ಬರ್ಲಿ. ಫೋಟೋ ತಗೀಬೇಕು."

ದೊಡ್ಡವ್ವನ ಮಗ್ಗುಲ ಮನೆಯ ಕಸ್ತೂರಿ ಎದ್ದು ನಿಂತಳು. "ಫೋಟೋ? ತಡೀ ಹಂಗಾರ, ಮಾರಿ ತೊಳಕೊಂಡು ಸೀರಿ ಬದಲಿ ಮಾಡಿ ಬರ್ತೇನಿ."

"ನಿಂದಲ್ಲ ಕಸ್ತೂರಕ್ಕಾ, ಕೌದಿದು."

"ಕೌದಿ ಮಾರಿಗೆ ಇರೂ ಕಿಮ್ಮತ್ತು ನಮ್ಮ ಮಾರಿಗೆ ಇಲ್ಲಂತ ನೋಡ್ರೆ!" ಎಂದು ಅವಳು ಕೂಗಿದಳು, ಓಣಿ ನಕ್ಕಿತು.

ಅಷ್ಟರಲ್ಲಿ ದೊಡ್ಡವ್ವ ಹೊರಗೆ ಬಂದು ನನ್ನ ಕೈ ಹಿಡಿದವಳು ಹೌಹಾರಿದಳು. "ಯವ್ವಾ ಸುಜ್ಜಿ, ಕೈ ಏನು ಹೆಣದ ಕೈ ಆಗ್ಯಾವಲ್ಲ! ನಡಿ ಒಳಗ." ಎಳೆದುಕೊಂಡು ಹೋಗಿ ಒಲೆಯ ಮುಂದೆ ಕೂರಿಸಿದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಕೋಣೆಯ ತುಂಬ ಹಬೆ. ನಾನು ಡಿಪ್ಲೊಮಾದ ಮೊದಲ ಪಾಠವನ್ನೇ ಮರೆತಿದ್ದೆ. ಥಂಡಿಯಲ್ಲಿದ್ದ ಕ್ಯಾಮೆರಾವನ್ನು ಚೀಲಕ್ಕೆ ಹಾಕದೆ ಬೆಚ್ಚನೆಯ ಹಬೆಯ ಕೋಣೆಗೆ ತರಬಾರದು. ಕುತ್ತಿಗೆಯಲ್ಲಿ ತೂಗುತ್ತಿದ್ದ ಲೆನ್ಸು ನೋಡನೋಡುತ್ತ ಬೆಳ್ಳಗಾಯಿತು, ಮುದುಕರ ಕಣ್ಣಿಗೆ ಪೊರೆ ಬಂದಂತೆ.

"ಇಷ್ಟಕ್ಕ ಯಾಕ ಗಾಬ್ರಿ ಆಗ್ತಿ, ತಾ ಇಲ್ಲಿ, ಒರಸ್ತೇನಿ" ಎಂದು ದೊಡ್ಡವ್ವ ಸೆರಗು ಹಿಡಿದು ಬಂದಳು. ಅದೇ ಆಗ ಅವಳು ಒಗ್ಗರಣೆ ಕೊಟ್ಟಿದ್ದಳು, ಸೆರಗಿನ ತುಂಬ ಎಣ್ಣೆ.

"ಬ್ಯಾಡ ದೊಡ್ಡವ್ವಾ! ನಿನ್ನ ಕಾಲ ಬೀಳ್ತೇನಿ, ಮುಟ್ಟಬ್ಯಾಡ."

ಒರೆಸುವ ಹಾಗಿಲ್ಲ. ಬಿಸಿಲಿಗಿಟ್ಟು ತಾನಾಗಿ ಆರುವವರೆಗೆ ಕಾಯಬೇಕು. ಅರ್ಧ ಲೋಟ ಚಹಾ ಬಿಟ್ಟು ಹೊರಗೋಡಿದೆ. ಓಣಿಯಲ್ಲಿ ಕೆಲಸ ಕೆಟ್ಟಿತ್ತು. ಕೌದಿಗಳನ್ನೆಲ್ಲ ತಿರುವಿದ್ದರು. ಅಷ್ಟೇ ಅಲ್ಲ, ಹಳೆಯವನ್ನು ನಾಚಿಕೆಯಿಂದ ಒಳಗೆ ಒಯ್ದು, ಮದುವೆಯಲ್ಲಿ ಉಡುಗೊರೆ ಬಂದ ಹುಲಿ ನವಿಲಿನ ಚಿತ್ರದ ರಗ್ಗುಗಳನ್ನು ಪ್ಲಾಸ್ಟಿಕ್ ಕವರಿನ ಸಮೇತ ಗೋಡೆಗೆ ಹಾಕಿದ್ದರು. ಕಸ್ತೂರಿ ಹೊಸ ಸೀರೆ ಉಟ್ಟು ಹುಲಿಯ ಪಕ್ಕ ನಿಂತಿದ್ದಳು. ಉಳಿದ ಕೌದಿಗಳ ಕೆಂಪು, ಹಳದಿ, ಹಸಿರು ಆ ಖಡಕ್ ಬಿಸಿಲಿಗೆ ಒಂದರ ಮೇಲೊಂದು ಕಿರುಚುತ್ತಿದ್ದವು. ನೋಡಿದರೆ ಸಂತೆಯ ಬಟ್ಟೆ ಅಂಗಡಿ. ಇದನ್ನು ಒಯ್ದರೆ ಬಿರಾದಾರ ಸರ್ ಏನನ್ನುತ್ತಾರೆಂದು ನನಗೆ ಆಗಲೇ ಕೇಳಿಸುತ್ತಿತ್ತು.

ಕ್ಯಾಮೆರಾವನ್ನು ಕಟ್ಟೆಯ ಮೇಲೆ ಬಿಸಿಲಿಗಿಟ್ಟೆ. ಮಾಡಲು ಕೆಲಸವಿಲ್ಲ. ಬಹಳ ವರ್ಷದ ಮೇಲೆ ನಾನು ಬರಿಗಣ್ಣಿನಿಂದ ಸುಮ್ಮನೆ ನೋಡುತ್ತ ನಿಂತೆ. ಆಗ ಕಂಡಿತು. ಗೋಡೆಯ ಕೊನೆಯಲ್ಲಿ ಒಂದೇ ಒಂದು ಕೌದಿ ತಿರುವದೆ ಉಳಿದಿತ್ತು. ದೊಡ್ಡವ್ವನದು. ಅವಳು ನನ್ನ ಕೈ ಕಾಸಲು ಒಳಗೆ ಬಂದಿದ್ದಳಲ್ಲ, ತಿರುವುವವರು ಯಾರು? ಅದರ ಬೆನ್ನಿಗೆ ಒಂದು ಕರಿ ಚಂದ್ರಕಾಳಿ ಸೀರೆ, ಹಳತಾಗಿ ಮಣ್ಣಿನ ಬಣ್ಣಕ್ಕೆ ಬಂದಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಗೋಡೆ ಪೂರ್ವ ಪಶ್ಚಿಮವಾಗಿ ಉದ್ದಕ್ಕಿದೆ, ಮುಖ ತೆಂಕಣಕ್ಕೆ. ಬೇಸಿಗೆಯಲ್ಲಿ ಸೂರ್ಯ ಬಡಗಣಕ್ಕೆ ಸರಿದು ಹುಟ್ಟುತ್ತಾನೆ, ಬೆಳಗಿನ ಬಿಸಿಲು ಈ ಗೋಡೆಯ ಮುಖಕ್ಕೆ ಬೀಳುವುದೇ ಇಲ್ಲ. ಚಳಿಗಾಲದಲ್ಲಿ ಅವನು ತೆಂಕಣಕ್ಕೆ ವಾಲುವುದರಿಂದ ಬಿಸಿಲು ಓರೆಯಾಗಿ ಗೋಡೆಯ ಮೈ ಸವರಿಕೊಂಡು ಹೋಗುತ್ತದೆ. ಇದಕ್ಕೆ ಸೈಡ್ ಲೈಟ್ ಎನ್ನುತ್ತೇವೆ, ಪಕ್ಕದ ಬೆಳಕು. ಕೂದಲೆಳೆಯಷ್ಟು ಉಬ್ಬಿದ್ದರೂ ಅದು ನೆರಳು ಮಾಡಿ ತೋರಿಸುತ್ತದೆ.

ಆ ಓರೆ ಬಿಸಿಲು ಚಂದ್ರಕಾಳಿಯ ಮೇಲೆ ಹರಿದಿತ್ತು. ಹೊಲಿಗೆಯ ಒಂದೊಂದು ಸಾಲೂ ಎದ್ದು ನಿಂತಿತ್ತು. ದಾರ ಜಗ್ಗಿದ ಕಡೆ ತಗ್ಗು, ನಡುವೆ ಉಬ್ಬು. ಉಬ್ಬಿನ ಒಂದು ಮಗ್ಗುಲಿಗೆ ಬಂಗಾರದಂಥ ಬೆಳಕು, ಇನ್ನೊಂದು ಮಗ್ಗುಲಿಗೆ ನೀಲಿ ನೆರಳು. ಅಷ್ಟು ತಿಳಿಯಾದ ಆಕಾಶವಿದ್ದ ದಿನ ನೆರಳು ಕರ್ರಗಿರುವುದಿಲ್ಲ, ನೀಲಿಯಾಗುತ್ತದೆ. ನೂರಾರು ಸಾಲು, ಸಾಲಿನ ತುಂಬ ಬಿಳಿ ದಾರದ ಚುಕ್ಕಿ.

ಅದೇ ಹೊತ್ತಿಗೆ ದೊಡ್ಡವ್ವ ಹೊರಗೆ ಬಂದಳು. ತನ್ನ ಕೌದಿಯೊಂದೇ ಬೆನ್ನು ತೋರಿಸಿ ನಿಂತದ್ದು ನೋಡಿ ಲಗುಬಗೆಯಿಂದ ಹೋಗಿ ಅದರ ಮೂಲೆ ಹಿಡಿದಳು.

"ತಡೀ! ಮುಟ್ಟಬ್ಯಾಡ! ಹಂಗ ಇರ್ಲಿ!"

"ಯಾಕ? ತಿರುವತೇನಿ."

"ಇದನ್ನ ತಗೀತೇನಿ ನಾ. ಬೆನ್ನನ್ನ."

ದೊಡ್ಡವ್ವನ ಮುಖ ಕೆಂಪಾಯಿತು. "ಊರ ಮಂದೀದೆಲ್ಲಾ ಮಾರಿ ತೋರ್ಸಿ, ನಂದಷ್ಟ ಬೆನ್ನು ತೋರ್ಸತಿ? ಬೆನ್ನಿನ್ಯಾಗ ಗಂಟು ಕಾಣ್ತಾವ, ದಾರಾ ಕಡದಿದ್ದು ಕಾಣ್ತೈತಿ. ಅದು ಮಂದಿಗಿ ತೋರಸೂದಲ್ಲ. ಇಷ್ಟು ಸಾಲಿ ಕಲತು ಇದ ಏನ ನೀ ಕಲ್ತಿದ್ದು?"

ಕಸ್ತೂರಿ ಹುಲಿಯ ಪಕ್ಕದಿಂದಲೇ ಹೇಳಿದಳು. "ಅಕ್ಕಾ, ಡಿಗ್ರಿ ಮಾಡಿದವ್ರಿಗೆ ಮಾರಿ ಯಾವ್ದು, ಬೆನ್ನ ಯಾವ್ದು ತಿಳಿಯಂಗಿಲ್ಲ ಬಿಡು."

ಸೂರ್ಯ ಏರುತ್ತಿದ್ದ. ಓರೆ ಬಿಸಿಲು ನೆಟ್ಟಗಾದಂತೆ ನೆರಳು ತೆಳುವಾಗುತ್ತದೆ. ನನಗಿದ್ದದ್ದು ಹೆಚ್ಚೆಂದರೆ ಹದಿನೈದು ನಿಮಿಷ. ಲೆನ್ಸು ನೋಡಿದೆ. ಪೊರೆ ಅಂಚಿನಿಂದ ಕರಗುತ್ತ ಬಂದು ನಡುವೆ ಒಂದು ರೂಪಾಯಿಯಷ್ಟು ಉಳಿದಿತ್ತು. ದೊಡ್ಡವ್ವ ಮೂಲೆ ಬಿಟ್ಟಿರಲಿಲ್ಲ.

"ದೊಡ್ಡವ್ವಾ, ಒಂದ ಫೋಟೋ ತಗದು ನಿನಗ ತೋರಸ್ತೇನಿ. ನೀ ನೋಡು. ಬ್ಯಾಡ ಅಂದಿ ಅಂದ್ರ ನಿನ್ನ ಮುಂದ ಅಳಸ್ತೇನಿ. ಆಣಿ."

ಅವಳು ಮೂಲೆಯಿಂದ ಕೈ ಬಿಟ್ಟಳು. ಪೊರೆ ಪೂರ್ತಿ ಹೋಗುವುದಕ್ಕೆ ಇನ್ನೂ ನಾಲ್ಕು ನಿಮಿಷ ಹಿಡಿಯಿತು. ನನ್ನ ವೃತ್ತಿಜೀವನದಲ್ಲಿ ಅಷ್ಟು ಉದ್ದದ ನಾಲ್ಕು ನಿಮಿಷ ಬೇರೆ ಇಲ್ಲ. ಟ್ರೈಪಾಡು ನಿಲ್ಲಿಸಿ ಕೌದಿಗೆ ನೆಟ್ಟಗೆ ಎದುರಾದೆ. ಅಂಚು ಬಿಟ್ಟೆ, ಗೋಡೆ ಬಿಟ್ಟೆ, ನಡುವಿನ ಸಾಲುಗಳನ್ನಷ್ಟೇ ಚೌಕಟ್ಟಿನೊಳಗೆ ತುಂಬಿದೆ. ಒಂದು ಒತ್ತಿದೆ. ಪರದೆಗೆ ನನ್ನ ಓಢಣಿಯ ನೆರಳು ಹಿಡಿದು ದೊಡ್ಡವ್ವನಿಗೆ ತೋರಿಸಿದೆ.

ಅವಳು ಪರದೆಗೆ ಬಾಗಿದಳು. ಆಮೇಲೆ ಬೆರಳು ಚಾಚಿ ಪರದೆಯ ಮೇಲಿನ ಭಾಗ ಮುಟ್ಟಿದಳು. "ಇದು ನಮ್ಮವ್ವನ ಕೈ. ನೋಡು, ಇರಿವಿ ಸಾಲು ಹ್ವಾದಂಗ, ಸಣ್ಣ ಸಣ್ಣ. ಇಲ್ಲಿಗೆ ಅಕಿ ಕಣ್ಣು ಹ್ವಾದೂವು, ಬಿಟ್ಲು." ಬೆರಳು ಕೆಳಗೆ ಬಂತು. "ಇದು ನಂದು, ದಪ್ಪ." ಇನ್ನೂ ಕೆಳಗೆ ಬಂದು ನಿಂತಿತು. ಅಲ್ಲಿ ಚುಕ್ಕಿಗಳೆಲ್ಲ ಬೇರೆ ಕಡೆಗೆ ವಾಲಿದ್ದವು. "ಇದು ನಿಮ್ಮವ್ವಂದು. ಶಾಂತಿ ಎಡಚಿ ಅಲ್ಲೇನು, ಅಕಿ ಸಾಲು ಯಾವಾಗಲೂ ಉಲ್ಟಾ. ಇದನ್ನ ಹಾಕಾಕತ್ತಾಗ ನೀ ಅಕಿ ಹೊಟ್ಯಾಗಿದ್ದಿ. ನಿನ್ನ ಬಾಣಂತನಕ್ಕಂತನ ಹೊಲದದ್ದು ಇದು."

ಆ ಕೌದಿಯಲ್ಲಿ ನಾನು ಎಷ್ಟು ಸಲ ಮಲಗಿದ್ದೆನೋ. ಬೆನ್ನು ತಿರುವಿ ನೋಡಿರಲಿಲ್ಲ. ಮೂವರೂ ಹೆಬ್ಬೆಟ್ಟು ಒತ್ತಿದವರು. ಮೂವರ ಕೈಬರಹ ಇಲ್ಲಿತ್ತು. ಅವ್ವನ ಮುಖ ಚುಕ್ಕೆಚುಕ್ಕೆಯಾಗಿ ಕಳೆದುಹೋಗಿತ್ತೆಂದು ಸಿಟ್ಟಾದವಳು ನಾನು, ಅವಳ ಕೈ ಚುಕ್ಕೆಚುಕ್ಕೆಯಾಗಿ ಉಳಿದಿತ್ತು.

"ಅಳಸಲೇನು?" ಎಂದು ಕೇಳಿದೆ.

"ಲಗೂನ ತಗೀ," ಎಂದಳು ದೊಡ್ಡವ್ವ. "ಬಿಸಲು ಹೊಂಟೈತಿ."

ಹದಿನಾಲ್ಕು ಚಿತ್ರ ತೆಗೆದೆ. ಮೂವರ ಸಾಲೂ ಒಂದೇ ಚೌಕಟ್ಟಿನಲ್ಲಿ ಬರಬೇಕು, ಒಂದು ಎಳೆಯೂ ಮಸುಕಾಗಬಾರದು. ಒಂಬತ್ತನೆಯದು ಸರಿ ಬಂತು. ಎಂಟೂ ಇಪ್ಪತ್ತಕ್ಕೆ ನೆರಳು ಕರಗಿ ಚಂದ್ರಕಾಳಿ ಮತ್ತೆ ಬರೀ ಹಳೆಯ ಸೀರೆಯಾಯಿತು. 'ಆತು' ಎಂದೆ. ಕಸ್ತೂರಿ ಮತ್ತು ಹುಲಿಯದೂ ಒಂದು ತೆಗೆದೆ, ಇಲ್ಲದಿದ್ದರೆ ಆ ಓಣಿಗೆ ಮತ್ತೆ ಕಾಲಿಡುವ ಹಾಗಿರಲಿಲ್ಲ.

ದೊಡ್ಡವ್ವ ಉಣಿಸದೆ ಬಿಡಲಿಲ್ಲ, ಮಧ್ಯಾಹ್ನ ಮೂರೂವರೆಗೆ ಕಚೇರಿ ಮುಟ್ಟಿದೆ. ಬಿರಾದಾರ ಸರ್ ಪ್ರಿಂಟಿಗೆ ಗುಮ್ಮಟದ ಚಿತ್ರ ಆರಿಸಿಟ್ಟು ಕೂತಿದ್ದರು. ಲ್ಯಾಪ್‌ಟಾಪಿನಲ್ಲಿ ಒಂಬತ್ತನೆಯ ಚಿತ್ರ ತೆರೆದು ಅವರ ಕಡೆ ತಿರುಗಿಸಿದೆ. ಅವರು ಕನ್ನಡಕ ಹಾಕಿಕೊಂಡರು, ಮುಂದೆ ಬಾಗಿದರು.

"ಡ್ರೋನ್ ಎಲ್ಲಿಂದ ತಂದ್ರಿ?"

ಯಾವ ಡ್ರೋನ್ ಎಂದು ನಾನೂ ಪರದೆಗೆ ಬಾಗಿದೆ.

"ಅಲ್ಲ, ಹಾರಿಸಾಕ ಪರ್ಮಿಶನ್ ತಗೊಂಡಿದ್ರಿಲ್ಲೋ? ನಾಳಿ ನನ್ನ ಕುತ್ತಿಗಿಗಿ ಬಂದೀತು ಮತ್ತ." ಆಮೇಲೆ ದನಿ ತಗ್ಗಿತು. "ಯಾವ ಹೊಲಾ ಇದು? ಎರಿ ಭೂಮಿ ಹೆಂಗ ಕಾಣಾಕತ್ತೈತಿ ನೋಡ್ರಿ. ಜ್ವಾಳಾ ಈಗಷ್ಟ ಎದ್ದಾವ. ಆದ್ರ ಇಷ್ಟು ತಡಾ ಯಾರು ಬಿತ್ತಿದ್ರು? ಈ ದಿನದಾಗ ತೆನಿ ಹಾಲ ತುಂಬಿರಬೇಕು." ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. "ಮ್ಯಾಲಿನ ಸಾಲು ಹಿಡದಾಂವ ಶಾಣ್ಯಾ ಒಕ್ಕಲಿಗ. ನಮ್ಮಪ್ಪ ಹಿಂಗ ಕೂರಿಗಿ ಹಿಡೀತಿದ್ದ. ಇಲ್ಲಿ ಕೆಳಗ ಮಂದಿ ಬದಲಿ ಆಗ್ಯಾರ, ಕೈ ಬ್ಯಾರೆ ಐತಿ. ಇಲ್ಲಂತೂ ಉಲ್ಟಾ ಬಿತ್ತ್ಯಾನ ಮಗಾ."

"ಬಿತ್ತ್ಯಾನ ಅಲ್ರಿ ಸರ್," ಎಂದೆ, "ಬಿತ್ತ್ಯಾಳ. ಅಕಿ ನಮ್ಮವ್ವ. ಎಡಚಿ ಇದ್ಲು. ಇದು ಹೊಲ ಅಲ್ರಿ, ಕೌದಿ ಬೆನ್ನರಿ."

ಬಿರಾದಾರ ಸರ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಚಿತ್ರವನ್ನು ದೊಡ್ಡದು ಮಾಡಿ ದಾರದ ಗಂಟು ಕಾಣುವವರೆಗೆ ಹೋದರು. ಆಮೇಲೆ ಕುರ್ಚಿಗೆ ಒರಗಿ, ಯಾರಿಗೂ ಅಲ್ಲ ಎಂಬಂತೆ ಅಂದರು. "ನಮ್ಮ ಮನ್ಯಾಗೂ ಐತಿ ಇಂಥಾದ್ದು. ನಮ್ಮವ್ವ ಹೊಲದದ್ದು. ನಾಯಿ ಮಲಗತೈತಿ ಅದರ ಮ್ಯಾಲ." ಗುಮ್ಮಟದ ಚಿತ್ರದ ಮೇಲೆ ಅಡ್ಡಗೀಟು ಎಳೆದರು.

ಕೆಳಗೆ ಹಾಕುವ ಪಟ್ಟಿಗೆ "ಗ್ರಾಮೀಣ ಮಹಿಳೆಯ ಕೌದಿ" ಎಂದು ಬರೆದರು. ನಾನು ಅಲ್ಲಾಡಲಿಲ್ಲ.

"ಮತ್ತೇನ್ರಿ?"

"ಮೂರು ಹೆಸರು ಅದಾವ್ರಿ ಸರ್. ನಮ್ಮಜ್ಜಿ ದುರ್ಗವ್ವ, ದೊಡ್ಡವ್ವ ಭೀಮವ್ವ, ಅವ್ವ ಶಾಂತವ್ವ."

"ಪಟ್ಟಿ ಸಣ್ಣದೈತಿ, ಹಿಡಿಯಂಗಿಲ್ಲ."

"ಫೋಟೋ ಆರು ಫೂಟ್ ಐತ್ರಿ. ಪಟ್ಟಿ ಒಂದು ಗೇಣು ಹೆಚ್ಚು ಮಾಡಸ್ರಿ."

ಅವರು ನನ್ನ ಮುಖ ನೋಡಿದರು. ಒಂಬತ್ತು ವರ್ಷದಲ್ಲಿ ನಾನು ಅವರಿಗೆ ಎದುರಾಡಿದ್ದು ಅದೇ ಮೊದಲು. ಹೊಡೆದು ಹಾಕಿ ಮೂರು ಹೆಸರು ಬರೆದರು. ನಾಲ್ಕೂಮುಕ್ಕಾಲಿಗೆ ಚಿತ್ರ ಪ್ರಿಂಟಿಗೆ ಹೋಯಿತು.

ಆ ಚಳಿಗಾಲದ ನಂತರ ನಾನು ಅನೇಕ ಹುಡುಗ ಹುಡುಗಿಯರಿಗೆ ಕ್ಯಾಮೆರಾ ಹಿಡಿಯಲು ಕಲಿಸಿದ್ದೇನೆ. ಅವರಿಗೆ ಮೊದಲು ಹೇಳುವುದು ಇಷ್ಟೇ. ಎದುರಿನ ಬೆಳಕು ಬಣ್ಣ ತೋರಿಸುತ್ತದೆ, ಪಕ್ಕದ ಬೆಳಕು ದುಡಿಮೆ ತೋರಿಸುತ್ತದೆ. ಮುಖ ತೋರಿಸಿ ಎಂದು ಕೇಳುವ ಮೊದಲು ಬೆನ್ನು ನೋಡಿ. ಡಿಪ್ಲೊಮಾದಲ್ಲಿ ನನಗೆ ಇದನ್ನು ಯಾರೂ ಕಲಿಸಿರಲಿಲ್ಲ. ಒಂದು ಖಡಕ್ ಥಂಡಿಯ ಬಿಸಿಲು ಮತ್ತು ಮಂಜು ಹಿಡಿದ ಲೆನ್ಸು ಕಲಿಸಿದವು.

ಉದ್ಘಾಟನೆಯ ದಿನ ದೊಡ್ಡವ್ವನನ್ನು ಕರೆಸಿದ್ದೆ. ಕಸ್ತೂರಿಯೂ ಬಂದಿದ್ದಳು, ಹುಲಿಯ ಚಿತ್ರ ಯಾವ ಗೋಡೆಗಿದೆ ಎಂದು ಹುಡುಕುತ್ತ. ನಾಲ್ಕನೆಯ ಗೋಡೆಯ ಮುಂದೆಯೇ ಮಂದಿ ಹೆಚ್ಚು ನಿಂತಿದ್ದರು. ಹೊಲವೆಂದು ವಾದ ಮಾಡುವವರು ಕೆಲವರು, ಕೆಳಗಿನ ಪಟ್ಟಿ ಓದಿ ನಗುವವರು ಕೆಲವರು. ಛಾಯಾಗ್ರಾಹಕರಿಗೆ ಪ್ರಮಾಣಪತ್ರ ಕೊಡುವ ಕಾರ್ಯಕ್ರಮವಿತ್ತು. ನನ್ನ ಹೆಸರು ಕರೆದಾಗ ಹೋಗಿ ತಗೊಂಡೆ. ಮುಗಿಯಿತೆಂದುಕೊಂಡೆ. ಬಿರಾದಾರ ಸರ್ ಮೈಕು ಬಿಡಲಿಲ್ಲ. ಇನ್ನೊಂದು ಪ್ರಮಾಣಪತ್ರ ಕೈಯಲ್ಲಿ ಹಿಡಿದು, ಮೂರು ಹೆಸರನ್ನೂ ತಡೆದು ತಡೆದು, ಸರಿಯಾಗಿ ಓದಿದರು. ಎರಡು ಹೆಸರಿಗೆ ಯಾರೂ ಏಳಲಿಲ್ಲ. ಭೀಮವ್ವ ಎಂಬ ಹೆಸರಿಗೆ ದೊಡ್ಡವ್ವ ಸೆರಗು ಹೊದ್ದು ಎದ್ದು ನಡೆದಳು. ಅದನ್ನು ತಾವೇ ಕೊಡುವುದಾಗಿ ಅವರು ಮೇಲಿನವರನ್ನು ಕೇಳಿಕೊಂಡಿದ್ದರಂತೆ, ನನಗೆ ಆಮೇಲೆ ಗೊತ್ತಾಯಿತು.

"ತಗೋರಿ ಅವ್ವಾರ," ಎಂದು ಎರಡೂ ಕೈಯಿಂದ ಕೊಟ್ಟರು.

ದೊಡ್ಡವ್ವ ತಗೊಂಡಳು. ಗಟ್ಟಿ ಕಾಗದ, ಬಂಗಾರದ ಅಂಚು, ಅಚ್ಚಿನ ಅಕ್ಷರ. ಬೆರಳಿನಿಂದ ಅಂಚು ಸವರಿದಳು. ಆಮೇಲೆ, ಸಭೆಯೆಲ್ಲ ನೋಡುತ್ತಿರುವಾಗಲೇ, ಅದನ್ನು ತಿರುವಿ ಹಿಂದಿನ ಮಗ್ಗುಲು ನೋಡಿದಳು. ನನ್ನ ಕಡೆ ಎತ್ತಿ ತೋರಿಸಿ ಗಟ್ಟಿಯಾಗಿ ಹೇಳಿದಳು:

"ಏ ಸುಜ್ಜಿ, ಮಾರಿ ಚಲೋ ಐತಿ, ಆದ್ರ ಇದರ ಬೆನ್ನಿಗಿ ಏನೂ ಇಲ್ಲಲ್ಲ! ಇರ್ಲಿ ಬಿಡು, ಮನಿಗಿ ಒಯ್ದು ನಾನ ನಾಕು ಸಾಲು ಹಾಕ್ತೇನಿ."